ಅವ್ವ ಹಿಡಿದ ವಿಡಿಯೊ

ನ್ಯೂಜಿಲೆಂಡಿನಲ್ಲಿ ಐಸ್ ಹಾಕಿ ಆಡಿದರೆ ಯಾರೂ ಸಂಬಳ ಕೊಡುವುದಿಲ್ಲ. ಪೆನ್‌ರೋಸ್‌ನ ಗೋದಾಮಿನಲ್ಲಿ ದುಡಿಯುತ್ತಲೇ ಡಿಫೆಂಡರ್ ಆಗಿ ಆಡಿದವನು ನಾನು. ಗೋಲಿನತ್ತ ನುಗ್ಗುವವರನ್ನು ಮೈಯೊಡ್ಡಿ ತಡೆಯುವುದು ನನ್ನ ಕೆಲಸ. 2016ರಲ್ಲಿ ಕೊನೆಗೂ ಸಂಬಳ ಕೊಡುವ ಯುರೋಪಿನ ತಂಡವೊಂದು ನನ್ನ ಆಟದ ವಿಡಿಯೊ ಕೇಳಿತು.

ಪ್ರತಿ ಪಂದ್ಯವನ್ನೂ ಅವ್ವ ಫೋನಿನಲ್ಲಿ ಹಿಡಿದಿದ್ದಳು. ಕೂತು ನೋಡಿ ತಲೆ ಕೆಟ್ಟುಹೋಯಿತು. ಬರೀ ನಾನು ನೀರು ಕುಡಿಯುವುದು, ಹೆಲ್ಮೆಟ್ ಸರಿಮಾಡಿಕೊಳ್ಳುವುದು, ಬೆಂಚಿನ ಮೇಲೆ ಕೂತಿರುವುದು. ಯಾರಾದರೂ ನನ್ನ ಮೇಲೆ ನುಗ್ಗಿದ ಕೂಡಲೇ ಪರದೆಯ ತುಂಬ ಅವಳ ಶಾಲು.

"ಅವ್ವಾ, ನಾ ತಡದದ್ದು ಒಂದೂ ಇಲ್ಲಲ್ಲ ಇದ್ರಾಗ. ಏನ್ ಕಳಸ್ಲಿ ಅವ್ರಿಗೆ?" ಎಂದು ರೇಗಿದೆ.

"ನಿನಗ ಡಿಕ್ಕಿ ಹೊಡಿಯೋದನ್ನ ನೋಡ್ಲಿಕ್ಕ ಆಗಂಗಿಲ್ಲಪಾ ನನಗ," ಎಂದಳು ರೊಟ್ಟಿ ಬಡಿಯುತ್ತಲೇ. "ನೀರು ಕುಡಿಯೋದು ಕಳಸು. ಅದ್ರಾಗ ಛಲೋ ಕಾಣ್ತಿ."