ನಂಬರಿದ್ದ ತಗಡು

ಮರಳಿ ಊರಿನ ವಿರೂಪಾಕ್ಷಮ್ಮನ ಮನೆ ಮುಂದಿನ ಬೇವಿನ ಮರದ ಕೆಳಗೆ ಆ ಮಾರುತಿ ಎಂಟುನೂರು ಕಾರು ಆರು ವರ್ಷದಿಂದ ನಿಂತಿತ್ತು. ಗಂಡ ತೀರಿದ ಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ, ಕೋಳಿಗಳನ್ನು ಬಿಟ್ಟು. ನಾನು ಬಾಗಿಲು ಎಳೆದಾಗ ಹಿಡಿಕೆ ಕಿತ್ತು ಕೈಗೇ ಬಂತು. ಹಿಂದಿನ ಸೀಟಿನ ಮೇಲೆ ಒಂದು ಕೋಳಿ ಕಾವಿಗೆ ಕೂತಿತ್ತು. ಅದು ನನ್ನನ್ನು ಕೆಕ್ಕರಿಸಿ ನೋಡಿತು.

“ತಮ್ಮಾ, ಮರಿ ಆಗಲಿ, ಒಂದು ವಾರ ತಡಿ. ಆಮ್ಯಾಲ ಬಂದು ಒಯ್ಯಿ,” ಎಂದಳು ಮುದುಕಿ.

“ಯವ್ವಾ, ನೀ ಮಾರಾಕ ಹತ್ತಿದ್ದು ಕಾರೋ, ಕೋಳಿ ಗೂಡೋ?”

“ಕಾರು. ಹದಿನೆಂಟು ಸಾವಿರ. ಕೋಳಿ ಕೊಡಂಗಿಲ್ಲ.”

ಒಂದು ವಾರ ಕಾದೆ. ಕೋಳಿಗೆ ಕಾದವನು ನಾನೊಬ್ಬನೇ ಇರಬೇಕು.

ಕಾರು ಬೇಕಾಗಿದ್ದದ್ದು ನನಗಲ್ಲ, ನಮ್ಮಕ್ಕ ರೇಣುಕಾಗೆ. ಅವಳು ಇರಕಲ್ಲಗಡದ ನಾಡಕಚೇರಿಯಲ್ಲಿ ಕಂಪ್ಯೂಟರ್ ಆಪರೇಟರ್. ಗುತ್ತಿಗೆ ನೌಕರಿ. ನಾವಿರುವುದು ಗಂಗಾವತಿಯಲ್ಲಿ, ನಾನು ಮತ್ತು ಅವಳು, ಇಬ್ಬರೇ. ಅವಳು ದಿನಾ ಎರಡು ಬಸ್ಸು ಬದಲಿಸಿ ಹೋಗಬೇಕು. ಎರಡು ವರ್ಷದ ಹಿಂದೆ ಬಸ್ಸಿನಿಂದ ಇಳಿಯುವಾಗ ನೂಕಾಟದಲ್ಲಿ ಬಿದ್ದು ಬಲತೊಡೆಯ ಎಲುಬು ಮುರಿದುಕೊಂಡಳು. ಒಳಗೆ ರಾಡು ಹಾಕಿದ್ದಾರೆ. ಕಾಲು ಕೆಳಗೆ ಒತ್ತಲು ಬರುತ್ತದೆ, ಮೇಲೆ ಎತ್ತಲು ಬರುವುದಿಲ್ಲ. ಬೈಕಿನ ಹಿಂದೆ ಕೂರುವುದಂತೂ ದೂರದ ಮಾತು. ಬಸ್ಸು ತುಂಬಿ ಬಂದರೆ ಅವಳು ಹತ್ತುವುದರೊಳಗೆ ಕಂಡಕ್ಟರ್ ಸೀಟಿ ಊದಿರುತ್ತಾನೆ. ಮುಂದಿನ ಬಸ್ಸಿಗೆ ಹೋದರೆ ತಡ. ತಿಂಗಳಿಗೆ ಮೂರು ಸಲ ಹತ್ತು ಗಂಟೆ ದಾಟಿದರೆ ಏಪ್ರಿಲ್‌ನಲ್ಲಿ ಗುತ್ತಿಗೆ ಮುಂದುವರಿಸುವುದಿಲ್ಲ ಎಂದು ಮೇಲಿನವರು ಹೇಳಿದ್ದರು.

ಹೊಸ ಕಾರಿನ ಮಾತು ನಮ್ಮ ಮನೆಯಲ್ಲಿ ಯಾರೂ ಆಡುವುದಿಲ್ಲ. ಅಕ್ಕ ಇದ್ದ ಒಂದು ಸರ ಅಡವಿಟ್ಟು ನಲವತ್ತು ಸಾವಿರ ತಂದು ನನ್ನ ಮುಂದೆ ಇಟ್ಟಳು. “ಇಷ್ಟರಾಗ ಓಡಬೇಕು ನೋಡು. ಚಂದ ಕಾಣದಿದ್ರೂ ನಡಿತೈತಿ.” ಡ್ರೈವಿಂಗ್ ಲೈಸೆನ್ಸು ಅವಳು ಆಗಲೇ ಮಾಡಿಸಿಕೊಂಡಿದ್ದಳು. ಎಲ್ಲದರಲ್ಲೂ ಅವಳು ನನಗಿಂತ ಮುಂದೆ. ನಾನು ಎಂಟನೇ ಇಯತ್ತೆಗೆ ಸಾಲಿ ಬಿಟ್ಟು ವೆಲ್ಡಿಂಗ್ ಅಂಗಡಿ ಸೇರಿದವನು.

ಅಂಗಡಿ ಗೋವಿಂದರಾಜ ಮೇಸ್ತ್ರಿಯದು. ನಮ್ಮದು ಕೇಜ್‌ವೀಲ್ ಕೆಲಸ. ಕೆಸರು ಗದ್ದೆಗೆ ಇಳಿಯುವ ಟ್ರ್ಯಾಕ್ಟರಿಗೆ ರಬ್ಬರ್ ಟೈರಿನ ಬದಲು ಹಾಕುತ್ತಾರಲ್ಲ, ಆ ಕಬ್ಬಿಣದ ಗಾಲಿ. ಅದಕ್ಕೆ ದಪ್ಪ ರಾಡು, ದಪ್ಪ ಕರೆಂಟು. ಹನ್ನೊಂದು ವರ್ಷದಿಂದ ನನ್ನ ಕೈ ಅದಕ್ಕೇ ಹೊಂದಿಕೊಂಡಿದೆ. ಕಾರನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ತಂದು, ಮೊದಲ ದಿನ ಅದರ ನೆಲದ ತಗಡಿಗೆ ಬೆಸುಗೆ ಮುಟ್ಟಿಸಿದೆ. ಪಟ್ ಎಂದು ರೂಪಾಯಿ ಅಗಲದ ತೂತು ಬಿತ್ತು. ಮುಚ್ಚಲು ಹೋದೆ, ಅಂಗೈ ಅಗಲ ಆಯಿತು.

ಮೇಸ್ತ್ರಿ ಚಹಾ ಕುಡಿಯುತ್ತ ನಕ್ಕ. “ಲೇ ಕನಕಾ, ಅದು ಕೇಜ್‌ವೀಲ್ ಅಲ್ಲೋ, ಹಪ್ಪಳ! ಕರಿಬ್ಯಾಡ ಅದನ್ನ.”

“ನಿಮ್ಮ ಮಶೀನ್ ಕರಿತೈತ್ರಿ, ನಾನಲ್ಲ.”

“ಹೌದಪಾ, ಮಶೀನ್‌ಗೆ ಸಿಟ್ಟು ಭಾಳ. ನೀನ ಶಾಂತ ಮೂರ್ತಿ.”

ಹಗಲು ಗಿರಾಕಿಗಳ ಕೆಲಸ, ಸಂಜೆ ಐದರ ಮೇಲೆ ಕಾರು. ಡಿಸೆಂಬರಿನಿಂದ ಮಾರ್ಚ್‌ವರೆಗೆ ಹೀಗೇ ನಡೆಯಿತು. ಆ ನಾಲ್ಕು ತಿಂಗಳು ನನ್ನ ಬೆನ್ನು ನೆಟ್ಟಗಾಗಿದ್ದು ನೆನಪಿಲ್ಲ. ವಿರೂಪಾಕ್ಷಮ್ಮನ ಗಂಡ ಹಿಂದಿನ ಸೀಟು ಮಡಿಚಿ ಗದ್ದೆಗೆ ಯೂರಿಯಾ ಚೀಲ ಹೇರುತ್ತಿದ್ದನಂತೆ. ಉದುರಿದ ಗೊಬ್ಬರ ನೆಲವನ್ನು ತಿಂದು ಹಾಕಿತ್ತು. ಚಾಪೆ ಎತ್ತಿದರೆ ಕೆಳಗೆ ಅಂಗಡಿಯ ನೆಲ ಕಾಣುತ್ತಿತ್ತು. ಏರ್ ಫಿಲ್ಟರಿನೊಳಗೆ ಇಲಿ ಗೂಡು ಮಾಡಿ ಭತ್ತ ಕೂಡಿಟ್ಟಿತ್ತು, ಒಂದು ಹಿಡಿ ಸೋನಾ ಮಸೂರಿ. ಬ್ರೇಕುಗಳು ನಾಲ್ಕೂ ಕಚ್ಚಿಕೊಂಡಿದ್ದವು. ಟ್ಯಾಂಕಿನ ಪೆಟ್ರೋಲು ವಾರ್ನಿಶ್ ಆಗಿತ್ತು. ಗುಜರಿಯಿಂದ ಹಳೆ ಕಪಾಟುಗಳ ಬಾಗಿಲು ತಂದು ನೆಲಕ್ಕೆ ತಗಡು ಕತ್ತರಿಸಿದೆ. ತೆಳು ರಾಡು, ಸಣ್ಣ ಕರೆಂಟು, ಒಂದು ಚುಕ್ಕೆ ಹಾಕುವುದು, ತಣ್ಣಗಾಗುವವರೆಗೆ ಕಾಯುವುದು, ಇನ್ನೊಂದು ಚುಕ್ಕೆ. ಕಾಯುವುದು ನನಗೆ ಬರುವುದಿಲ್ಲ. ಎರಡು ಸಲ ಸುತ್ತಿಗೆ ಎಸೆದೆ. ಒಂದು ಸಲ ಅದು ಮೇಸ್ತ್ರಿಯ ಚಹಾ ಲೋಟಕ್ಕೆ ಬಿತ್ತು. ಮೂರು ದಿನ ಅವನು ನನ್ನೊಡನೆ ಮಾತಾಡಲಿಲ್ಲ.

ಫೆಬ್ರವರಿಯಲ್ಲಿ ಎಂಜಿನ್ ಹಿಂದಿನ ಗೋಡೆಗೆ ಬಂದೆ. ಬೇವಿನ ಎಲೆಗಳು ಗಾಜಿನ ಕೆಳಗಿನ ಸಂದಿಯಲ್ಲಿ ಕೂತು, ಕೊಳೆತು, ಆರು ಮಳೆಗಾಲದ ನೀರು ಅಲ್ಲೇ ಹಿಡಿದಿಟ್ಟಿದ್ದವು. ಗೋಡೆಯ ತಗಡು ಮುಟ್ಟಿದರೆ ಉದುರುತ್ತಿತ್ತು. ತುಕ್ಕಿನ ನಡುವೆ ಕೆಲವು ಅಕ್ಷರ, ಅಂಕಿಗಳ ಸಾಲು ಕಂಡಿತು. ಹೆಬ್ಬೆರಳಿನಿಂದ ಒರೆಸಿ ನೋಡಿದೆ.

ನಮ್ಮ ಕೆಲಸದಲ್ಲಿ ಒಂದು ಪದ್ಧತಿ ಇದೆ. ನಾಟಿ ಸಮಯದಲ್ಲಿ ಕೇಜ್‌ವೀಲುಗಳು ಗದ್ದೆ ಬದುವಿನ ಮೇಲೆ ಬಿದ್ದಿರುತ್ತವೆ. ಒಬ್ಬರದು ಇನ್ನೊಬ್ಬರು ಒಯ್ಯಬಾರದೆಂದು ಕಬ್ಬಿಣದ ಅಚ್ಚಿನಿಂದ ಮಾಲೀಕನ ಹೆಸರು ಹೊಡೆದು ಕೊಡುತ್ತೇವೆ. ಹಳೆ ಗಾಲಿ ಕೊಂಡವನು ಬಂದು ಮೊದಲು ಮಾಡಿಸುವ ಕೆಲಸವೆಂದರೆ ಆ ಹೆಸರು ತೆಗೆಸುವುದು. ಹಳಬನ ಗುರುತು ಹೋಗದೆ ಗಾಲಿಯನ್ನು ಯಾರೂ ಗದ್ದೆಗೆ ಇಳಿಸುವುದಿಲ್ಲ. ಅಂಥ ಹೆಸರುಗಳನ್ನು ನಾನು ನೂರಾರು ಅಳಿಸಿದ್ದೇನೆ. ಕೈ ಯೋಚನೆ ಮಾಡಲಿಲ್ಲ. ಗ್ರೈಂಡರ್ ಹಿಡಿದು, ಅಕ್ಷರಗಳಿದ್ದ ತುಂಡನ್ನು ಚೌಕಾಕಾರ ಕತ್ತರಿಸಿ ತೆಗೆದು, ಕಪಾಟಿನ ತಗಡು ಕೂಡಿಸಿದೆ. ಬೆಸುಗೆ ಎಷ್ಟು ಛಲೋ ಕೂತಿತ್ತೆಂದರೆ ಮೇಸ್ತ್ರಿಯೇ ಬಗ್ಗಿ ನೋಡಿ, “ಕಲತಿ ನೋಡು,” ಎಂದಿದ್ದ.

ಮಾರ್ಚ್ ಎರಡನೇ ವಾರ ಕಾರು ಶುರುವಾಯಿತು. ಅಕ್ಕನ ಹೆಸರಿಗೆ ಕಾಗದವೂ ಆಯಿತು. ಕಾರಿಗೆ ಹದಿನೈದು ವರ್ಷ ತುಂಬುತ್ತಿದ್ದುದರಿಂದ ಕೊಪ್ಪಳದ ಆರ್‌ಟಿಒದಲ್ಲಿ ತೋರಿಸಿ ನೋಂದಣಿ ಮುಂದುವರಿಸಿಕೊಳ್ಳಬೇಕಿತ್ತು. ಅಕ್ಕ ಅರ್ಧ ದಿನ ರಜೆ ಹಾಕಿ ತಾನೇ ಓಡಿಸಿಕೊಂಡು ಬಂದಳು. ನಾನು ಪಕ್ಕದಲ್ಲಿ ಕೂತು ಎಂಜಿನ್ನಿನ ಪ್ರತಿ ಸದ್ದಿಗೂ ಕಿವಿಗೊಟ್ಟಿದ್ದೆ. ಅವಳು ಗೇರ್ ಬದಲಿಸುವಾಗ ನಾಲಿಗೆ ಹೊರಗೆ ಹಾಕುತ್ತಿದ್ದಳು.

“ನಾಲಗಿ ಒಳಗ ಹಾಕ. ಮಂದಿ ನೋಡ್ತಾರ.”

“ನೋಡ್ಲಿ ಬಿಡು. ಇಷ್ಟ ದಿನ ನನ್ನ ಕಾಲು ನೋಡ್ತಿದ್ರು.”

ಇನ್ಸ್‌ಪೆಕ್ಟರ್ ವಯಸ್ಸಾದ ಮನುಷ್ಯ. ದೀಪ ನೋಡಿದ, ಬ್ರೇಕ್ ನೋಡಿದ, ತಲೆಯಾಡಿಸಿದ. ಆಮೇಲೆ ಬಾನೆಟ್ ಎತ್ತಿಸಿ, ಪೆನ್ಸಿಲ್ ಮತ್ತು ಅಂಟು ಟೇಪು ತೆಗೆದ. ಕಂಪನಿಯವರು ಗಾಡಿಯ ಮೈಮೇಲೇ ಹೊಡೆದಿರುವ ಚಾಸಿ ನಂಬರಿನ ಮೇಲೆ ಟೇಪು ಹಚ್ಚಿ ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುತ್ತಾರೆ. ಅವನ ಕೈ ಗೋಡೆಯ ಮೇಲೆ ಆ ಕಡೆ ಈ ಕಡೆ ಹುಡುಕಿತು.

“ಇಲ್ಲಿ ನಂಬರ್ ಇತ್ತಲ್ಲಪ್ಪಾ. ಎಲ್ಲಿ?”

ನಾನು ಹೊಸ ಬೆಸುಗೆಯ ಚೌಕ ತೋರಿಸಿದೆ. “ತುಕ್ಕು ಹಿಡಿದಿತ್ರಿ. ಕತ್ತರಿಸೀನಿ.”

“ಕತ್ತರಿಸೀದಿ? ಆ ತುಂಡು?”

“ಗುಜರಿಗೆ ಹೋತ್ರಿ.”

ಅವನು ಬೈಯಲಿಲ್ಲ. ಬೈದಿದ್ದರೆ ನಾನೂ ಬೈದು ಹಗುರಾಗುತ್ತಿದ್ದೆ. ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡು ಅಕ್ಕನ ಕಡೆ ತಿರುಗಿ ಹೇಳಿದ. “ನಂಬರ್ ಇಲ್ಲದ ಗಾಡಿ ಯಾರ ಗಾಡೀನೂ ಅಲ್ಲಮ್ಮಾ. ಪೊಲೀಸ್ ವರದಿ ತಗೊಂಡು ಅರ್ಜಿ ಕೊಡ್ರಿ. ಪರಿಶೀಲನೆ ಆಗಿ, ಹೊಸದಾಗಿ ನಂಬರ್ ಹೊಡಿಲಿಕ್ಕೆ ಅನುಮತಿ ಬರಬೇಕು. ಎರಡು ಮೂರು ತಿಂಗಳು ಹಿಡಿತದ. ಅಲ್ಲೀತನಕ ರಸ್ತೆಗೆ ತರಬ್ಯಾಡ್ರಿ.”

ಗೇಟಿನ ಹೊರಗೆ ಸುಭಾಷ್ ಎಂಬ ಏಜೆಂಟ್ ಕೂತಿದ್ದ. ಎಲ್ಲ ಕೇಳಿಸಿಕೊಂಡಿದ್ದ. “ಅಣ್ಣಾ, ಎದಕ್ಕ ತಲಿ ಕೆಡಿಸ್ಕೊಂತಿ? ಆರ್‌ಸಿ ಮ್ಯಾಲ ನಂಬರ್ ಐತಿ. ವೆಲ್ಡಿಂಗ್ ಅಂದ್ರ ಅಂಗಡ್ಯಾಗ ಅಚ್ಚು ಇರ್ತಾವಲ್ಲ? ನೀನ ಹೊಡಿ. ಮ್ಯಾಲ ಒಂದಿಷ್ಟು ಉಪ್ಪು ನೀರು ಸಿಂಪಡಿಸು, ಎಂಟು ದಿನದಾಗ ತುಕ್ಕು. ಇನ್ನೊಬ್ಬ ಸಾಹೇಬ್ರು ಇರೂ ದಿನ ನಾ ಹೇಳ್ತೀನಿ, ಬಾ.”

ಕಾರನ್ನು ಮತ್ತೆ ಟ್ರ್ಯಾಕ್ಟರಿಗೆ ಕಟ್ಟಿ ಗಂಗಾವತಿಗೆ ತಂದೆವು. ಮರುದಿನ ಗುಜರಿಗೆ ಹೋದೆ. ಅಲ್ಲಿದ್ದ ತಗಡೆಲ್ಲ ಲಾರಿ ತುಂಬಿ ಗಿಣಿಗೇರಿ ಕಡೆ ಕುಲುಮೆಗೆ ಹೋಗಿ ಇಪ್ಪತ್ತು ದಿನವಾಗಿತ್ತು. ಆ ತಗಡು ಈಗ ಯಾರ ಮನೆಯ ಛಾವಣಿಯ ಕಬ್ಬಿಣದ ಸಳಿಯಾಗಿದೆಯೋ.

ಶನಿವಾರ ಸಂಜೆ ಅಕ್ಕ ಅಂಗಡಿಗೆ ಬಂದಳು. ಬಸ್ಸು ತಪ್ಪಿ ಅವತ್ತು ಹತ್ತೂ ಇಪ್ಪತ್ತಕ್ಕೆ ಕಚೇರಿ ಮುಟ್ಟಿದ್ದಳು. ಆ ತಿಂಗಳ ಎರಡನೇ ಸಲ. ಮೇಸ್ತ್ರಿ ಮನೆಗೆ ಹೋಗಿದ್ದ. ನಾನು ಅಚ್ಚಿನ ಪೆಟ್ಟಿಗೆ ತೆರೆದು, ಆರ್‌ಸಿಯನ್ನು ಬಾನೆಟ್ಟಿನ ಕೆಳಗೆ ಆನಿಸಿ, ಮೊದಲ ಅಕ್ಷರ ಎಮ್ ಹುಡುಕಿ ಕೈಯಲ್ಲಿ ಹಿಡಿದಿದ್ದೆ. ಅವಳು ಬಯ್ಯುತ್ತಾಳೆ ಎಂದುಕೊಂಡೆ. ಅವಳು ದಿನವಿಡೀ ಸರಕಾರದ ಪ್ರಮಾಣಪತ್ರ ಕೊಡುವವಳು.

ಅವಳು ಕೇಜ್‌ವೀಲಿನ ಮೇಲೆ ಕೂತು ಕಾಲು ನೀಡಿದಳು. “ಹೊಡಿ.”

“ಏನು?”

“ಹೊಡಿ ಅಂದೆ. ಸಾಕಾಗೈತಿ ನನಗ. ಸುಳ್ಳು ಆದಾಯ ಬರಿಸ್ಕೊಂಡು ಹೋಗೋರ್ನ ದಿನಾ ನೋಡ್ತೀನಿ. ಒಂದು ನಂಬರ್‌ಗೆ ಏನಾಗ್ತೈತಿ? ಖರೇ ನಂಬರ ಅಲ್ಲೇನು ಅದು?”

ಸುತ್ತಿಗೆ ಎತ್ತಿದೆ. ಒಂದೇ ಏಟು ಸಾಕಿತ್ತು. ನನಗೆ ಆರ್‌ಟಿಒ ಮೇಲೆ ಸಿಟ್ಟಿತ್ತು, ಬಸ್ಸಿನ ಮೇಲೆ ಸಿಟ್ಟಿತ್ತು, ಆ ಬೇವಿನ ಮರದ ಮೇಲೂ ಸಿಟ್ಟಿತ್ತು. ಆದರೆ ಎದುರಿಗಿದ್ದ ಆರ್‌ಸಿ ಮೇಲೆ ಹೆಸರು ಬರೆದದ್ದು ರೇಣುಕಾ ಎಂದು, ಕನಕರಾಜ ಎಂದಲ್ಲ. ನಾಳೆ ಯಾರಾದರೂ ಹಿಡಿದರೆ ಕಟಕಟೆಗೆ ನಿಲ್ಲುವವಳು ಅವಳು. ಮೂರು ಸಲ ತಡವಾದರೆ ತೆಗೆಯುವವರು ಇದಕ್ಕೆ ಸುಮ್ಮನಿರುತ್ತಾರೆಯೇ? ಕತ್ತರಿಸಿದವನು ನಾನು. ಸುತ್ತಿಗೆಯನ್ನು ಎಸೆಯದೆ ಕೆಳಗಿಟ್ಟೆ.

“ಆಗಂಗಿಲ್ಲಕ್ಕಾ.”

“ಹಂಗಾರ ನನ್ನ ನೌಕರಿ?”

ಎಮ್ ಅಚ್ಚನ್ನು ಪೆಟ್ಟಿಗೆಗೆ ಹಾಕಿದೆ. ಅವಳು ಬಿಡಲಿಲ್ಲ. “ಹೋದ ವರ್ಷ ಇರಕಲ್ಲಗಡದಾಗ ಒಂದು ಖೋಲಿ ಬಾಡಿಗಿ ಹಿಡಿತೀನಿ ಅಂದಾಗ ತಾಟು ಒಗದಿದ್ದಿ. ಗಂಡ ಬಿಟ್ಟಾಕಿನ್ನ ಒಬ್ಬಾಕಿನ್ನ ಇಟ್ಟಾನ ಅಂತ ಮಂದಿ ಅಂತಾರ ಅಂದಿ. ನಾ ಬಾಯಿ ಮುಚ್ಚಿದೆ. ಈ ಕಾರು ನನ್ನ ಕಾಲಿಗೆ ಮಾಡಿದೇನು, ಮಂದಿ ಬಾಯಿಗೆ ಮಾಡಿದೇನು?”

ಕೆಟ್ಟ ಸಿಟ್ಟು ಬಂತು. ಅದು ನಿಜವಾಗಿದ್ದುದರಿಂದ ಇನ್ನೂ ಹೆಚ್ಚು ಬಂತು. ನಾಲ್ಕು ತಿಂಗಳು ಅಂಗಾತ ಮಲಗಿ ಕಣ್ಣಿಗೆ ತುಕ್ಕು ಉದುರಿಸಿಕೊಂಡದ್ದು ಯಾರಿಗಾಗಿ ಎಂದು ಅವಳೊಬ್ಬಳೇ ಕೇಳಬಹುದಿತ್ತು, ಕೇಳಿದಳು. ಅಚ್ಚಿನ ಪೆಟ್ಟಿಗೆ ಮುಚ್ಚಿದೆ. ಹೊರಗೆ ಭತ್ತದ ಲಾರಿಗಳು ಹೋಗುತ್ತಲೇ ಇದ್ದವು.

“ಎಷ್ಟು ಬಾಡಿಗಿ?” ಎಂದೆ.

“ಒಂದೂವರಿ ಸಾವಿರ. ಹತ್ತಾಕ ಮೆಟ್ಟಲಾ ಇಲ್ಲ.”

ಸೋಮವಾರ ಪೊಲೀಸ್ ಠಾಣೆಗೆ ಹೋದೆ. ಅಲ್ಲಿ ದೂರು ಬರೆದುಕೊಳ್ಳುವ ಪೇದೆ, “ಅಪಘಾತದಾಗ ಹೋತು ಅಂತ ಬರಿ, ಲಗೂ ಆಗ್ತೈತಿ,” ಎಂದ. ನಾನು ಎರಡು ತಾಸು ಕೂತು, ಸಾಲಿ ಬಿಟ್ಟ ಮೇಲೆ ಮೊದಲ ಬಾರಿಗೆ ಒಂದು ಹಾಳೆ ತುಂಬ ಬರೆದೆ. ನಾನು ಕೇಜ್‌ವೀಲ್ ವೆಲ್ಡರ್, ಹಳೆ ಗುರುತು ತೆಗೆಯುವುದು ನಮ್ಮ ರೂಢಿ, ತಿಳಿಯದೆ ನಾನೇ ಕತ್ತರಿಸಿದೆ, ಗಾಡಿಯ ಮಾಲೀಕಳಿಗೆ ಇದರಲ್ಲಿ ಯಾವ ಸಂಬಂಧವೂ ಇಲ್ಲ. ಅವನು ಓದಿ, “ನಿನ್ನ ಮ್ಯಾಲ ನೀನ ಕಂಪ್ಲೇಂಟ್ ಕೊಟ್ಟಂಗಾತಲ್ಲೋ,” ಎಂದು ನಕ್ಕ. ಸೀಲು ಹಾಕಿದ. ಅರ್ಜಿ ಕೊಪ್ಪಳಕ್ಕೆ ಹೋಯಿತು. ಕಾರಿಗೆ ತಾಡಪತ್ರಿ ಹೊದಿಸಿದೆ.

ಮಾರ್ಚ್ ಕೊನೆಯ ವಾರ ಅಕ್ಕನ ಸಾಮಾನು ಬಾಡಿಗೆ ಟಂಟಂ ಆಟೊದಲ್ಲಿ ಹೇರಿಕೊಂಡು ಇರಕಲ್ಲಗಡಕ್ಕೆ ಹೋದೆ. ಒಂದು ಮಂಚ, ಗ್ಯಾಸು, ಎರಡು ಪೆಟ್ಟಿಗೆ. ಖೋಲಿ ನಾಡಕಚೇರಿಯ ಹಿಂದಿನ ಓಣಿಯಲ್ಲಿತ್ತು. ಮನೆಯೊಡತಿ ಶಾಹಜಾದಬಿ ಬಾಗಿಲಲ್ಲಿ ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ನೀವ ಏನು ತಮ್ಮ? ಸಿಟ್ಟಿನವ್ರು ಅಂತ ಕೇಳೀನಿ. ಇಲ್ಲಿ ಒಗಿಯಾಕ ತಾಟು ಸಿಗಂಗಿಲ್ಲ ನೋಡ್ರಿ.”

ಅಕ್ಕ ಮುಖ ಆಚೆ ತಿರುಗಿಸಿ ನಗುತ್ತಿದ್ದಳು.

ಸಾಮಾನು ಇಳಿಸಿ, ದೀಪದ ತಂತಿ ಕಟ್ಟಿ, ಚಹಾಕ್ಕೆ ನೀರಿಟ್ಟೆ. ಸಕ್ಕರೆ ಯಾವ ಡಬ್ಬಿಯಲ್ಲಿದೆ ಎಂದು ಕೇಳಿದೆ. ಉತ್ತರ ಬರಲಿಲ್ಲ. ತಿರುಗಿ ನೋಡಿದರೆ ಅಕ್ಕ ಗೋಡೆಗೆ ಒರಗಿ, ಕಾಲು ಮಂಚದ ಮೇಲೆ ನೀಡಿ, ಚಪ್ಪಲಿ ಸಮೇತ ನಿದ್ದೆ ಹೋಗಿದ್ದಳು. ಬಾಯಿ ಸ್ವಲ್ಪ ತೆರೆದಿತ್ತು. ಹೊರಗೆ ಇನ್ನೂ ಬಿಸಿಲಿತ್ತು. ಐದೂ ಮುಕ್ಕಾಲು. ದಿನಾ ಬಸ್ಸಿಗೆ ಕಾಯುತ್ತ ನಿಂತಿರುವ ಈ ಹೊತ್ತಿಗೆ ಅವಳು ಮಲಗಿದ್ದನ್ನು ನಾನು ಎರಡು ವರ್ಷದಲ್ಲಿ ಒಮ್ಮೆಯೂ ಕಂಡಿರಲಿಲ್ಲ.

ಗ್ಯಾಸ್ ಆರಿಸಿದೆ. ಚಪ್ಪಲಿ ಬಿಚ್ಚಿದರೆ ಎಚ್ಚರವಾದೀತೆಂದು ಹಾಗೇ ಬಿಟ್ಟು, ಬಾಗಿಲನ್ನು ಸದ್ದಾಗದಂತೆ ಮುಂದಕ್ಕೆ ಎಳೆದು ಹೊರಗೆ ಬಂದೆ.