ಜಿಪುಣ ಲೋಟ ಬಿಡುವುದಿಲ್ಲ

೧

ಲೋಟ ಕೊಡುವಾಗ ತನ್ನ ಕೈ ಬೇರೆಯವರ ಕೈಗಿಂತ ತಡವಾಗಿ ಬಿಡುತ್ತದೆಯೇನೋ ಎಂಬುದು ಅವಳ ಚಿಂತೆ.

ಇಷ್ಟು ಸಣ್ಣ ಚಿಂತೆಯಿಂದ ಕಥೆ ಶುರು ಮಾಡಬಹುದೇ? ಓದುವವರು ಮಾಡುವ ಕೆಲಸ ಬಿಟ್ಟು ಬಂದು ಕೂತಿರುತ್ತಾರೆ. ಅವರ ಮುಂದೆ ಒಂದು ಸಾವು, ಒಂದು ಮದುವೆ, ಏನೂ ಇಲ್ಲವೆಂದರೆ ಒಂದು ಜಗಳವನ್ನಾದರೂ ಇಡಬೇಕು. ಲೋಟ ಇಟ್ಟರೆ ಏನಂದಾರು?

(ಇದು ಮೊದಲು ಡೈರಿಯಲ್ಲಿತ್ತು. 'ನಾನು' ಇದ್ದ ಕಡೆಯೆಲ್ಲ 'ಅವಳು' ಎಂದು ತಿದ್ದಿದ ಮೇಲೆ ಕಥೆಯಾಯಿತು. ಕಥೆಗಾರ್ತಿಗೆ ಬರುವ ಕಲೆ ಅಷ್ಟೇ.)

೧, ಮತ್ತೊಮ್ಮೆ

"ಮನುಷ್ಯನ ಮಿದುಳು ಸದಾ ಮುಂದಿನ ಕ್ಷಣವನ್ನು ಊಹಿಸುತ್ತಲೇ ಇರುತ್ತದೆ."

ಹೀಗೆ ಶುರು ಮಾಡಿದರೆ ತೂಕ ಬರುತ್ತದೆ. ಆದರೆ ಈ ವಾಕ್ಯ ಅವಳದಲ್ಲ, ಅವಳ ಜೊತೆ ಓದುವ ಅವನದು. ಪ್ರತಿ ಸೆಮಿನಾರಿನಲ್ಲೂ ಅಂಗಿಯ ಬಲತೋಳು ಮಡಚಿಕೊಳ್ಳುತ್ತ ಅವನು ಇದನ್ನೇ ಮೊದಲು ಹೇಳುತ್ತಾನೆ. ಅವನ ವಾಕ್ಯವನ್ನು ಕದ್ದು ಅವನ ಮೇಲೆಯೇ ಕಥೆ ಬರೆಯುವಷ್ಟು ಭಂಡತನ ಕಥೆಗಾರ್ತಿಗಿಲ್ಲ. ಹೊಡೆದು ಹಾಕಲಾಗಿದೆ.

೨

ಸರಿ, ಇದ್ದದ್ದನ್ನು ಇದ್ದ ಹಾಗೆ.

ಇಬ್ಬರೂ ಓದುತ್ತಿರುವುದು ಒಂದೇ ಸ್ನಾತಕೋತ್ತರ ಕೋರ್ಸು. ಅರ್ಧ ಮಿದುಳು, ಅರ್ಧ ಯಂತ್ರ. ನರಕೋಶಗಳು ಒಳಗೊಳಗೇ ಹಾಕುವ ಲೆಕ್ಕವನ್ನು ಕಂಪ್ಯೂಟರಿನಲ್ಲಿ ಬರೆಯುವುದು, ಆ ಲೆಕ್ಕದಿಂದ ರೋಬೋಟಿಗೆ ಬುದ್ಧಿ ಕಲಿಸುವುದು. ಜೀವಶಾಸ್ತ್ರ ಓದಿ ಬಂದವರು ಮಿದುಳು ಪಾರ್ಟಿ, ಎಂಜಿನಿಯರಿಂಗ್ ಓದಿ ಬಂದವರು ಸ್ಕ್ರೂ ಪಾರ್ಟಿ. ಪ್ರತಿ ಪ್ರಾಜೆಕ್ಟಿಗೂ ಆ ಪಾರ್ಟಿಯಿಂದ ಒಬ್ಬರು, ಈ ಪಾರ್ಟಿಯಿಂದ ಒಬ್ಬರು ಇರಲೇಬೇಕೆಂದು ಪ್ರಾಜೆಕ್ಟು ನೋಡಿಕೊಳ್ಳುವ ಮೇಡಂ ಅವರ ಕಟ್ಟಪ್ಪಣೆ. ಹಾಗಾಗಿ ಅವನು ಮಿದುಳು, ಅವಳು ಸ್ಕ್ರೂ. ಕೋರ್ಸಿಗೆ ಸೇರುವ ಮುಂಚೆ ಅವನು ಕೆಲವು ಕಾಲ ಎಲ್ಲೋ ಪಾಠ ಹೇಳಿಕೊಂಡಿದ್ದವನು. ಸಹಪಾಠಿ ಎಂದು 'ನೀನು' ಎನ್ನಬೇಕೋ, ದೊಡ್ಡವನೆಂದು 'ನೀವು' ಎನ್ನಬೇಕೋ ತಿಳಿಯದೆ ಅವಳು ಇಡೀ ಕೋರ್ಸನ್ನು "ಊಟ ಆಯ್ತಾ", "ಡೇಟಾ ಬಂತಾ" ಎಂಬಂಥ ಮಾತುಗಳಲ್ಲೇ ದಾಟಿಬಿಟ್ಟಿದ್ದಾಳೆ.

ಅವರಿಗೆ ಸಿಕ್ಕಿದ್ದು ನೆಲಮಾಳಿಗೆಯ ಕೋಣೆ. ಕಿಟಕಿಯಿಂದ ಕಾಣುವುದು ಸೈಕಲ್ ಸ್ಟ್ಯಾಂಡಿನ ಚಕ್ರಗಳು ಮಾತ್ರ. ಮಧ್ಯದ ಮೇಜಿಗೆ ಬೋಲ್ಟು ಹಾಕಿ ಕೂರಿಸಿದ ಒಂದು ರೋಬೋಟ್ ಕೈ. ಅದಕ್ಕೆ ಎರಡೇ ಬೆರಳು, ತುದಿಗೆ ರಬ್ಬರು. ಪಕ್ಕದಲ್ಲಿ, ಕೈಗೆ ಹುಚ್ಚು ಹಿಡಿದರೆ ಗುದ್ದುವುದಕ್ಕೊಂದು ಕೆಂಪು ಗುಂಡಿ.

ಕೆಲಸವೇನೆಂದರೆ, ಈ ಕೈ ಅರ್ಧ ನೀರಿರುವ ಲೋಟವನ್ನು ಎದುರಿಗಿರುವವರ ಕೈಗೆ ಕೊಡುವುದನ್ನು ಕಲಿಯಬೇಕು.

ನಗಬೇಡಿ. ಬೇಗ ಬಿಟ್ಟರೆ ಲೋಟ ಬೀಳುತ್ತದೆ, ತಡವಾಗಿ ಬಿಟ್ಟರೆ ಹಗ್ಗಜಗ್ಗಾಟವಾಗುತ್ತದೆ. ತೆಗೆದುಕೊಳ್ಳುವವರ ಬೆರಳು ಬಿಗಿಯಾದ ಹಾಗೆಲ್ಲ ಕೊಡುವವರ ಬೆರಳು ಸಡಿಲವಾಗಬೇಕು. ನಾವು ಬೇರೆ ಏನೋ ಮಾತಾಡುತ್ತಲೇ ಇದನ್ನು ಮಾಡಿ ಮುಗಿಸುತ್ತೇವೆ. ಯಂತ್ರಕ್ಕಾದರೆ ಮನುಷ್ಯರು ಕೊಟ್ಟು ತೆಗೆದುಕೊಳ್ಳುವುದನ್ನು ನೂರಾರು ಸಲ ತೋರಿಸಬೇಕು. ಬೆರಳ ತುದಿಗೆ ಸೆನ್ಸರ್ ಅಂಟಿಸಿಕೊಂಡು ಕೂರಲು ಒಪ್ಪುವ ಅಪರಿಚಿತರು ಒಂದಷ್ಟು ಜನ ಬೇಕು. ಅವರನ್ನು ಕರೆಯುವ ನೋಟೀಸು ಅಂಟಿಸುವ ಕೆಲಸ ಅವಳದಾಗಿತ್ತು.

"ಯಾರೂ ಬರ್ಲೇ ಇಲ್ವಲ್ಲ. ನೋಟೀಸ್ ಅಂಟಿಸಿದ್ಯಾ?" ಎಂದು ಅವನು ಕೇಳಿದ.

"ಹೂಂ. ಬಾಗಿಲಿಗೆ."

"ಯಾವ ಬಾಗಿಲಿಗೆ?"

"ಸ್ಟೋರ್ ರೂಮಿಂದು."

"ಅದು ಯಾವಾಗ್ಲೂ ಬೀಗ ಹಾಕಿರುತ್ತಲ್ಲ."

"ಒಳಗಡೆಯಿಂದ ಅಂಟಿಸಿದೀನಿ."

ಅವನು ನಗಲಿಲ್ಲ. ಸ್ಟೂಲು ಎಳೆದುಕೊಂಡು ಎದುರಿಗೆ ಕೂತು, "ಸರಿ, ಕೊಡು," ಎಂದು ಕೈ ಚಾಚಿದ.

ಹೀಗೆ, ಅಪರಿಚಿತರನ್ನು ಮಾತಾಡಿಸಲು ಹೆದರುವ ಒಬ್ಬಳಿಂದಾಗಿ, ಆ ಪ್ರಯೋಗದ ಡೇಟಾ ಎಂದರೆ ಅವಳು ಕೊಟ್ಟಿದ್ದು ಮತ್ತು ಅವನು ತೆಗೆದುಕೊಂಡಿದ್ದು, ಅಷ್ಟೇ ಆಯಿತು. ದಿನವೂ. ಕಿಟಕಿಯಾಚೆ ಚಕ್ರಗಳು ಬಂದು ನಿಂತು, ಹೊರಟು ಹೋಗುವವರೆಗೆ.

೩

ಕೈ ಕಲಿಯಿತು. ಲೋಟ ಹಿಡಿಯಿತು, ಚಾಚಿತು, ಕೊಟ್ಟಿತು. ಬಿಡಲಿಲ್ಲ.

ಲೋಟದ ಭಾರವೆಲ್ಲ ತೆಗೆದುಕೊಂಡವರ ಕೈಗೆ ಬಂದ ಮೇಲೂ ಅದರ ರಬ್ಬರಿನ ತುದಿಗಳು ಲೋಟಕ್ಕೆ ಮೆತ್ತಗೆ ಆತುಕೊಂಡೇ ಇರುತ್ತಿದ್ದವು. ಆಮೇಲೆ, ಏನನ್ನೋ ನೆನಪಿಸಿಕೊಂಡ ಹಾಗೆ, ಬಿಡುತ್ತಿದ್ದವು. ಅವನು ಅದಕ್ಕೆ ಜಿಪುಣ ಎಂದು ಹೆಸರಿಟ್ಟ. ಸೆನ್ಸರ್ ಬದಲಾಯಿಸಿದ. ರಬ್ಬರು ಬದಲಾಯಿಸಿದ. ತನ್ನ ನರಕೋಶಗಳ ಲೆಕ್ಕವನ್ನೇ ಮೊದಲಿಂದ ಬರೆದ. ಜಿಪುಣ ಜಪ್ಪಯ್ಯ ಎನ್ನಲಿಲ್ಲ.

ಮೇಡಂ ಬಂದು ಲೋಟ ತೆಗೆದುಕೊಂಡು ನೋಡಿದರು. "ನೀರು ಕೇಳಿದ್ರೆ ಆಸ್ತಿ ಕೇಳಿದ ಹಾಗೆ ಆಡುತ್ತಲ್ಲ ಇದು," ಎಂದರು.

೪

(ಇಲ್ಲಿ ಒಂದು ಗ್ರಾಫ್ ಬರಬೇಕು. ಕಥೆಯೊಳಗಿನವಳು ಬೇಡ ಅನ್ನುತ್ತಿದ್ದಾಳೆ.)

"ಅದನ್ನ ಬರೀಬೇಡ."

"ಬರೀದೇ ಇದ್ರೆ ಓದೋರಿಗೆ ಹೇಗೆ ಗೊತ್ತಾಗುತ್ತೆ?"

"ಓದೋರಲ್ಲಿ ಅವನೂ ಇರಬಹುದು."

"ಇದ್ರೆ ಏನೀಗ?"

ಅವಳು ಪೆನ್ನಿನ ಕ್ಯಾಪು ಕಚ್ಚುತ್ತ ಕೂತಿದ್ದಾಳೆ. ಅದೇ ಕ್ಯಾಪನ್ನು ಕಥೆಗಾರ್ತಿಯೂ ಕಚ್ಚುತ್ತಿರುವುದರಿಂದ ಜಗಳ ಮುಂದುವರಿಯುವ ಹಾಗಿಲ್ಲ. ಬರೆದುಬಿಡುವುದೇ ಸರಿ.

ಗ್ರಾಫಿನಲ್ಲಿ ಎರಡು ಗೆರೆ. ತೆಗೆದುಕೊಳ್ಳುವವನ ಬೆರಳ ಒತ್ತಡದ ಗೆರೆ ಮೇಲೇರುತ್ತದೆ, ಕೊಡುವವಳ ಗೆರೆ ಕೆಳಗಿಳಿಯುತ್ತದೆ. ಇಳಿದು ಸೊನ್ನೆ ಮುಟ್ಟಬೇಕು. ಅವಳದು ಮುಟ್ಟುವುದಿಲ್ಲ. ಸೊನ್ನೆಯ ಸ್ವಲ್ಪ ಮೇಲೆ, ಬಾಲದ ಹಾಗೆ ಉದ್ದಕ್ಕೆ ಮಲಗಿಬಿಡುತ್ತದೆ. ಎಲ್ಲ ರೆಕಾರ್ಡಿಂಗಿನಲ್ಲೂ.

ಎಲ್ಲದರಲ್ಲೂ ಅಲ್ಲ. ಒಂದು ದಿನ ಅವನಿಗೆ ಜ್ವರ ಬಂದು, ಸ್ಟೂಲಿನ ಮೇಲೆ ಮೇಡಂ ಕೂತಿದ್ದರು. ಆ ದಿನ ಅವಳ ಗೆರೆ ಕಲ್ಲು ಬಿದ್ದ ಹಾಗೆ ನೇರ ಇಳಿದು ಸೊನ್ನೆ ಮುಟ್ಟಿದೆ. ಬೆರಳು ಅವೇ. ಸೆನ್ಸರ್ ಅದೇ. ಲೋಟವೂ ಅದೇ.

ಅವಳು ಲ್ಯಾಪ್‌ಟಾಪ್ ಮುಚ್ಚಿದಳು. ಮತ್ತೆ ತೆರೆದಳು. ಮತ್ತೆ ಮುಚ್ಚಿದಳು.

೪ರ ಬಾಲ

ಅಮ್ಮನ ಫೋನು.

"ಆ ಕೈಗೆ ಬುದ್ಧಿ ಬಂತೇನೇ?"

"ಬಂತಮ್ಮ. ಕೊಡೋಕೆ ಹೋಗುತ್ತೆ, ಬಿಡಲ್ಲ."

"ಹಾಗಾದ್ರೆ ನಿನ್ನಿಂದ್ಲೇ ಕಲ್ತಿರಬೇಕು ಬಿಡು."

"ಯಾಕೆ ಹಾಗಂತೀಯ?"

"ಚಿಕ್ಕವಳಿದ್ದಾಗ ಹಾಗೇ ಅಲ್ವಾ ನೀನು? ಬೊಂಬೆ ಕೊಡ್ತೀನಿ ಬಾ ಅಂತ ಅಕ್ಕನ್ನ ನೀನೇ ಕರೀತಿದ್ದೆ. ಅವಳು ಬಂದು ಬೊಂಬೆ ಕಾಲು ಹಿಡ್ಕೊಂಡ್ರೆ ನೀನು ತಲೆ ಬಿಡ್ತಾನೇ ಇರ್ಲಿಲ್ಲ. ಜಗಳಾನೂ ಇಲ್ಲ, ಅಳೋದೂ ಇಲ್ಲ. ಸುಮ್ನೆ ಹಿಡ್ಕೊಂಡು ನಿಂತಿರ್ತಿದ್ದೆ."

"ಬೊಂಬೆ ಮೇಲೆ ಅಷ್ಟು ಆಸೆ ಇತ್ತಾ ನಂಗೆ?"

"ಬೊಂಬೆ ಮೇಲೆ ಎಲ್ಲಿಯ ಆಸೆ? ಕೊಟ್ಟುಬಿಟ್ರೆ ಅಕ್ಕ ಓಡಿಹೋಗ್ತಾಳಲ್ಲ. ಅದಕ್ಕೆ." ಅಮ್ಮ ಅಲ್ಲಿ ಏನನ್ನೋ ಜೋರಾಗಿ ತಿಕ್ಕುತ್ತಿದ್ದಳು. "ಸ್ವೆಟರ್ ಹಾಕ್ಕೊಳ್ತಿದೀಯಾ ಇಲ್ವಾ?"

೬

(ಐದನೆಯ ಭಾಗದಲ್ಲಿ ಅವನು ಎಷ್ಟು ಒಳ್ಳೆಯವನು ಎಂಬ ವರ್ಣನೆ ಇತ್ತು. ಓದಿ ನೋಡಿದರೆ ನೌಕರಿಗೆ ಶಿಫಾರಸು ಮಾಡಿದ ಹಾಗಿತ್ತು. ತೆಗೆದು ಹಾಕಲಾಗಿದೆ.)

ಶಿಫಾರಸು ಅವನಿಗೆ ಬೇಕಾಗಿಯೂ ಇಲ್ಲ. ದೂರದ, ಇಲ್ಲಿ ಹಗಲಾದಾಗ ಅಲ್ಲಿ ಕತ್ತಲಾಗುವಂಥ ಒಂದು ಊರಿನಲ್ಲಿ ಸಂಶೋಧನೆಗೆ ಸೀಟು ಸಿಕ್ಕಿದೆ. ಪರೀಕ್ಷಕರ ಎದುರಿನ ಡೆಮೊ ಮುಗಿದ ಮರುದಿನ ಹೊರಡುತ್ತಾನೆ. ತನ್ನ ಮೇಜಿನ ಸಾಮಾನನ್ನು ರಟ್ಟಿನ ಡಬ್ಬಿಗೆ ತುಂಬುತ್ತ, "ಈ ಟೇಬಲ್ ಲ್ಯಾಂಪ್ ನೀನೇ ಇಟ್ಕೋ. ನಿನ್ನದು ಮಿಣಕ್ ಮಿಣಕ್ ಅನ್ನುತ್ತೆ," ಎಂದ.

"ಪರವಾಗಿಲ್ಲ."

"ಪರವಾಗಿಲ್ಲ ಅಂದ್ರೆ ಬೇಕು ಅಂತಾನೋ, ಬೇಡ ಅಂತಾನೋ?"

ಅವಳು ಲ್ಯಾಂಪಿನ ವೈರು ಸುತ್ತತೊಡಗಿದಳು.

ಅದೇ ಹೊತ್ತಿಗೆ ಮೇಡಂ ಬಾಗಿಲಲ್ಲಿ ನಿಂತು ಅವಳನ್ನು ಹೊರಗೆ ಕರೆದರು. "ಆ ಬಾಲ ಇದೆಯಲ್ಲ ಗ್ರಾಫಲ್ಲಿ, ಕತ್ತರಿಸಿಬಿಡು. ಸೆನ್ಸರಿನ ತಪ್ಪು ಸಿಗ್ನಲ್ ಅಂತ ರಿಪೋರ್ಟಲ್ಲಿ ಒಂದು ಸಾಲು ಹಾಕಿದ್ರೆ ಮುಗೀತು. ಉಳಿಸ್ಕೊಂಡ್ರೆ ಪರೀಕ್ಷಕರು ಕಾರಣ ಕೇಳ್ತಾರೆ. ಕಾರಣ ಗೊತ್ತಿದೆಯಾ ನಿಂಗೆ?"

"ಇಲ್ಲ ಮೇಡಂ."

"ಮತ್ತೆ? ಕತ್ತರಿಸು."

ಒಂದೇ ಒಂದು ಕಮಾಂಡಿನ ಕೆಲಸ. ಅಷ್ಟು ದಿನಗಳ ಕೊಡು-ಕೊಳ್ಳುವಿಕೆಯಿಂದ ಆ ಮೆತ್ತನೆಯ ಹಿಡಿತವೆಲ್ಲ ಒಮ್ಮೆಗೇ ಹೊರಟುಹೋಗುತ್ತದೆ. ಜಿಪುಣ ಹೊಸದಾಗಿ ಕಲಿಯುತ್ತದೆ. ಅವಳು ಪಾಸಾಗುತ್ತಾಳೆ. ಕತ್ತರಿಸದಿದ್ದರೆ ಕಾರಣ ಹೇಳಬೇಕು, ಅದೂ ಅವನು ಅಲ್ಲೇ ಕೂತಿರುವಾಗ.

೭. ಅಂತ್ಯಗಳು (ಯಾವುದು ಬೇಕೋ ಆರಿಸಿಕೊಳ್ಳಿ)

ಅ) ಅವಳು ಕತ್ತರಿಸುತ್ತಾಳೆ. ಜಿಪುಣ ಬ್ಯಾಂಕಿನ ಕೌಂಟರಿನವರ ಹಾಗೆ ಕೊಟ್ಟು, ಬಿಟ್ಟು, ಮುಂದಿನವರನ್ನು ನೋಡುತ್ತದೆ. ಚಪ್ಪಾಳೆ. ಅವನು ಹೊರಡುತ್ತಾನೆ. ಲ್ಯಾಂಪ್ ಚೆನ್ನಾಗಿ ಉರಿಯುತ್ತದೆ. (ಇದು ಎಷ್ಟು ಅಚ್ಚುಕಟ್ಟಾಗಿದೆಯೆಂದರೆ ಕಥೆಗಾರ್ತಿಗೆ ಇದನ್ನು ಎರಡನೇ ಸಲ ಓದಲಾಗಲಿಲ್ಲ.)

ಆ) ಅವನೇ ಗ್ರಾಫ್ ನೋಡಿ ಎಲ್ಲ ಅರ್ಥ ಮಾಡಿಕೊಂಡು, ಕಿಟಕಿಯ ಬಳಿ ನಿಂತು, ತುಂಬ ಚೆಂದದ ಮಾತೊಂದನ್ನು ಆಡುತ್ತಾನೆ. (ಅವನು ಚೆಂದದ ಮಾತಾಡಿದ್ದನ್ನು ಈವರೆಗೆ ಯಾರೂ ಕೇಳಿಲ್ಲ. ಕಿಟಕಿಯಾಚೆ ಇರುವುದು ಸೈಕಲ್ ಚಕ್ರ. ಹೊಡೆದು ಹಾಕಲಾಗಿದೆ.)

ಇ) ಜಿಪುಣವೇ ಬಾಯಿಬಿಟ್ಟು ಹೇಳುತ್ತದೆ. (ಅದಕ್ಕೆ ಬಾಯಿಲ್ಲ. ಸ್ಪೀಕರ್ ಹಾಕಿಸೋಣ ಎಂದು ಅವನೆಂದಾಗ ಇವಳೇ ಬೇಡ ಎಂದಿದ್ದಳು.)

ಈ ಮೂರರಲ್ಲೂ ಅವಳು ತುಟಿ ಬಿಚ್ಚಬೇಕಾಗಿಲ್ಲ ಎಂಬುದನ್ನು ನೀವು ಗಮನಿಸಿರುತ್ತೀರಿ.

೭, ಇನ್ನೊಂದು ಮಾತು

ಇಷ್ಟು ಹೊತ್ತೂ ಅವಳ ಗೆರೆಯನ್ನೇ ನೋಡಿದೆವು. ಅವನ ಗೆರೆ?

ಲೋಟ ಪೂರ್ತಿ ಕೈಗೆ ಬಂದಿದೆ. ಎದುರಿನವಳು ಇನ್ನೂ ಬಿಟ್ಟಿಲ್ಲ. ಯಾರಾದರೂ ಏನು ಮಾಡುತ್ತಾರೆ? ಎಳೆದುಕೊಳ್ಳುತ್ತಾರೆ. ಮೇಡಂ ಜಿಪುಣದ ಬೆರಳಿಂದ ಹಾಗೇ ಎಳೆದುಕೊಂಡಿದ್ದರು. ಸ್ವಲ್ಪ ಎಳೆದರೆ ಸಾಕು, ಬಂದುಬಿಡುತ್ತದೆ.

ಅವನ ಗೆರೆಯಲ್ಲಿ ಎಳೆತ ಇದೆಯೋ ಇಲ್ಲವೋ, ಒಂದು ಗುಂಡಿ ಒತ್ತಿದರೆ ಗೊತ್ತಾಗುತ್ತದೆ. ಅವಳು ಒತ್ತಿಲ್ಲ. ಕಥೆಗಾರ್ತಿಯೂ ಒತ್ತುವುದಿಲ್ಲ. ಗೊತ್ತಿಲ್ಲದಿರುವ ತನಕ ಅದು ಎರಡೂ ಆಗಿರಬಹುದು. ಅಷ್ಟು ಸಿರಿವಂತಿಕೆಯನ್ನು ಕೈಬಿಡಲು ಅವಳೇನು ದಡ್ಡಿಯೇ?

೮

ಡೆಮೊ. ಗೋಡೆಗೆ ಒತ್ತರಿಸಿದ ಕುರ್ಚಿಗಳು. ಹೊರಗಿನಿಂದ ಬಂದ ಪರೀಕ್ಷಕರು, ಕುತ್ತಿಗೆಗೆ ತೂಗಿಬಿಟ್ಟ ಕನ್ನಡಕ. ಪಕ್ಕದಲ್ಲಿ ಮೇಡಂ. ಸ್ಟೂಲಿನ ಮೇಲೆ ಅವನು, ಯಾವಾಗಿನಂತೆ ಅಂಗಿಯ ಬಲತೋಳು ಮಡಚಿಕೊಂಡು.

ಅವಳು ಕತ್ತರಿಸಿರಲಿಲ್ಲ. ಧೈರ್ಯದಿಂದಲ್ಲ. ಕಮಾಂಡ್ ಬರೆದಿದ್ದಳು, ಒತ್ತಬೇಕಾದ ಬೆರಳು ಕೀಲಿಯ ಮೇಲೆ ಸುಮ್ಮನೆ ಆತುಕೊಂಡಿತ್ತು, ಅಷ್ಟೇ.

ಜಿಪುಣ ಲೋಟ ಹಿಡಿಯಿತು. ಚಾಚಿತು. ಅವನು ಹಿಡಿದುಕೊಂಡ. ಮೇಡಂ ಕಣ್ಣು ಮುಚ್ಚಿಕೊಂಡರು.

ಲೋಟ ಅಲ್ಲೇ ನಿಂತಿತು. ಒಳಗಿನ ನೀರು ಅಲುಗಾಡದಷ್ಟು ನಿಶ್ಚಲವಾಗಿ.

"ಯಾಕೆ ಬಿಡ್ತಾ ಇಲ್ಲ ಅದು?" ಪರೀಕ್ಷಕರು ಕನ್ನಡಕ ಏರಿಸಿದರು. "ಸೆನ್ಸರ್ ಪ್ರಾಬ್ಲಮ್ಮಾ?"

"ಹೌದು ಸರ್, ಬಹುಶಃ ಸೆನ್ಸರೇ," ಎಂದು ಅವನು ಅವಳ ಪರವಾಗಿ ಶುರು ಮಾಡಿದ. "ಬದಲಾಯಿಸಿ ನೋಡಿದ್ವಿ..."

ಹಾಗೆನ್ನುವಾಗಲೂ ಅವನು ಲೋಟ ಎಳೆದುಕೊಳ್ಳಲಿಲ್ಲ.

(ಈಗಲೂ ಕಾಲ ಮಿಂಚಿಲ್ಲ. ಕೆಂಪು ಗುಂಡಿ ಕೈಗೆಟಕುವಷ್ಟು ಹತ್ತಿರದಲ್ಲಿದೆ. ಗುದ್ದಿದರೆ ಎಲ್ಲ ನಿಲ್ಲುತ್ತದೆ, 'ಅಂತ್ಯ ಅ'ಗೆ ವಾಪಸು ಹೋಗಬಹುದು. ಕಥೆಗಾರ್ತಿ ಅವಳಿಗೆ ಇದನ್ನು ಹೇಳಿಯೂ ಹೇಳಿದಳು. ಅವಳು ಕೇಳಿಸಿಕೊಳ್ಳಲಿಲ್ಲ. ಇಷ್ಟೂ ಹೊತ್ತು ಹೇಳಿದ ಹಾಗೆ ಕೇಳಿದವಳು.)

ಆಮೇಲೆ ಲೋಟ ಏನಾಯಿತು, ಪರೀಕ್ಷಕರು ಏನು ಬರೆದುಕೊಂಡರು, ಅವನು ಹೊರಟನೋ ನಿಂತನೋ ಎಂದು ಕೇಳಬೇಡಿ. ಅದನ್ನು ಬರೆದರೆ ಈ ಕಥೆಯನ್ನು ನಿಮ್ಮ ಕೈಗೆ ಪೂರ್ತಿ ಕೊಟ್ಟ ಹಾಗಾಗುತ್ತದೆ. ಆಮೇಲೆ ನೀವು ಎದ್ದು ಹೋಗುತ್ತೀರಿ. ಈ ತುದಿಯನ್ನು ಕಥೆಗಾರ್ತಿ ಹಿಡಿದುಕೊಂಡೇ ಇರುತ್ತಾಳೆ.

ಅವಳು ಮಾತ್ರ ಎದ್ದು ನಿಂತಳು.

"ಸೆನ್ಸರ್ ಸರಿಯಾಗೇ ಇದೆ ಸರ್. ಅದಕ್ಕೆ ಕೊಡೋದನ್ನ ಕಲಿಸಿದ್ದು ನಾನು. ಬಿಡೋಕೆ ನನಗೇ ಮನಸ್ಸಿರ್ಲಿಲ್ಲ."