ಹೊಸ ಮಾರ್ಗಕ್ಕೆ ಜನಮೆಚ್ಚುಗೆ

ಕನ್ನಡಕದಕ್ಕ ಪೇಪರು ಓದುತ್ತಿದ್ದುದು ಸುದ್ದಿ ತಿಳಿಯಲಿಕ್ಕಲ್ಲ, ಬೈಯಲಿಕ್ಕೆ. ಬೆಳಿಗ್ಗೆ ಹಾಲು ಕಾಯಲಿಟ್ಟು, ಅಡುಗೆಮನೆಯ ಕಟ್ಟೆಯ ಮೇಲೆ ಪೇಪರು ಹಾಸಿ, ಊರಿನ ಪುಟವನ್ನೇ ಮೊದಲು ತೆಗೆಯುವಳು. ದೇಶವಿದೇಶಗಳ ಮೇಲೆ ಅವಳಿಗೆ ಅಂಥ ಸಿಟ್ಟಿರಲಿಲ್ಲ. ಅವು ದೂರದಲ್ಲಿದ್ದವು, ತಮ್ಮ ಪಾಡಿಗೆ ಹಾಳಾಗುತ್ತಿದ್ದವು. ಊರಿನ ಪುಟ ಹಾಗಲ್ಲ. ಅಲ್ಲಿ ‘ರಸ್ತೆ ಕಾಮಗಾರಿ ಭರದಿಂದ ಸಾಗಿದೆ’ ಎಂದು ಅಚ್ಚಾಗಿದ್ದ ರಸ್ತೆಯಲ್ಲೇ ಅವಳ ಚಪ್ಪಲಿ ಹಿಂದಿನ ದಿನ ಕಿತ್ತುಹೋಗಿತ್ತು.

“ಭರದಿಂದ ಸಾಗಿರೋದು ಧೂಳು,” ಎಂದು ಹಾಲಿನ ಪಾತ್ರೆಗೇ ಹೇಳುವವಳಂತೆ ಹೇಳಿದಳು.

ಗಂಡ ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು ರೇಡಿಯೋಗೆ ಕಿವಿ ಕೊಟ್ಟಿದ್ದ. ಶಾಲೆಯಲ್ಲಿ ಭೂಗೋಳ ಕಲಿಸಿ ನಿವೃತ್ತನಾದವನು. ಹವಾಮಾನದ ವರದಿಯ ಮೇಲೆ ಅವನಿಗಿದ್ದ ನಂಬಿಕೆ ಹೆಂಡತಿಯ ಮೇಲೂ ಇರಲಿಲ್ಲ.

“ಇವತ್ತು ಮಳೆ ಇಲ್ವಂತೆ ಕಣೇ.”

“ಹಾಗಾದ್ರೆ ಆ ಕೊಡೆ ಇತ್ತ ಕೊಡಿ,” ಎಂದು ಅವಳು ಚೀಲ ಹೆಗಲಿಗೇರಿಸಿದಳು.

ಪೇಟೆ ಬೀದಿಯ ಕನ್ನಡಕದ ಅಂಗಡಿಯಲ್ಲಿ ಅವಳದು ಗಾಜು ಕೂರಿಸುವ ಕೆಲಸ. ಗಾಜಿನ ಅಂಚು ಉಜ್ಜುವುದು, ಚೌಕಟ್ಟನ್ನು ಬಿಸಿಗಾಳಿಗೆ ಹಿಡಿದು ಮೆದು ಮಾಡಿ ಗಾಜನ್ನು ಒತ್ತುವುದು, ಸಾಸಿವೆಯಷ್ಟು ದಪ್ಪದ ತಿರುಪು ಬಿಗಿಯುವುದು. ಕೈ ಎಷ್ಟು ನಾಜೂಕೋ ಬಾಯಿ ಅಷ್ಟು ಒರಟು ಎಂದು ಅಂಗಡಿಯ ಯಜಮಾನನೇ ಗಿರಾಕಿಗಳಿಗೆ ಮೊದಲೇ ಹೇಳಿಟ್ಟಿರುತ್ತಿದ್ದ. ಮೊದಲು ಬಸ್ಸು ಅಂಗಡಿಯ ಬಾಗಿಲಲ್ಲೇ ಇಳಿಸುತ್ತಿತ್ತು. ಸಾರಿಗೆ ಕಚೇರಿಯವರು ‘ಪ್ರಯಾಣಿಕರ ಅನುಕೂಲಕ್ಕಾಗಿ’ ಎಂದು ಒಂದು ಹಲಗೆ ತೂಗುಹಾಕಿ ಬಸ್ಸನ್ನು ಊರ ಸುತ್ತಿನ ಹೊಸ ರಸ್ತೆಗೆ ತಿರುಗಿಸಿದರು. ಈಗ ಅದು ಅರ್ಧ ಊರನ್ನು ಪ್ರದಕ್ಷಿಣೆ ಹಾಕಿ, ಲಾರಿಗಳ ಹಿಂದೆ ನಿಂತು ನಿಂತು, ನೀರಿನ ಟ್ಯಾಂಕಿನ ಬುಡದಲ್ಲಿ ಜನರನ್ನು ಕೊಡವಿ ಹೋಗುತ್ತಿತ್ತು. ಅಲ್ಲಿಂದ ಪೇಟೆಗೆ ಅಗೆದ ರಸ್ತೆಯಲ್ಲಿ ಹಾಸಿದ ಹಲಗೆಗಳ ಮೇಲೆ ಕಾಲು ಜಾರದಂತೆ ನಡೆದು ಬರಬೇಕು. ಯಾವ ಪ್ರಯಾಣಿಕನಿಗೆ ಅನುಕೂಲವಾಯಿತೆಂದು ಕನ್ನಡಕದಕ್ಕ ಬಹಳ ಹುಡುಕಿದಳು. ಅಂಥವನೊಬ್ಬನೂ ಬಸ್ಸಿನಲ್ಲಿ ಸಿಗಲಿಲ್ಲ.

ಸಿಕ್ಕಿದವರಲ್ಲಿ ಅವಳ ಮೈ ಉರಿಸುತ್ತಿದ್ದವನು ಪರವಾಗಿಲ್ಲ ಮಾಮ. ಕಿಟಕಿ ಪರದೆ ಹೊಲಿಯುವ ಅಂಗಡಿಯ ದರ್ಜಿ, ಅವಳಿಗಿಂತ ಹಿರಿಯ, ಹೆಂಡತಿ ತೀರಿಹೋದವನು. ಬಸ್ಸು ತಡವಾಗಿ ಬಂದರೆ, “ಪರವಾಗಿಲ್ಲ, ಬಂತಲ್ಲ.” ಬಂದು ನಿಲ್ಲದೆ ಹೋದರೆ, “ಪರವಾಗಿಲ್ಲ, ತುಂಬಿತ್ತೇನೋ.” ಬಾರದೇ ಇದ್ದರೆ, “ಪರವಾಗಿಲ್ಲ, ನಡೆದ್ರೆ ಕಾಲಿಗೂ ಒಳ್ಳೇದು.” ದಿನಾ ಮೊದಲು ಹತ್ತಿ, ಪಕ್ಕದ ಸೀಟಿನ ಮೇಲೆ ತನ್ನ ಕತ್ತರಿಯ ಚೀಲ ಇಟ್ಟು ಕನ್ನಡಕದಕ್ಕನಿಗೆ ಜಾಗ ಹಿಡಿಯುತ್ತಿದ್ದವನೂ ಅವನೇ. ಅವಳು ಕೂರುತ್ತಿದ್ದಳು. ಕೂತು, ಅವನ ಸಮಾಧಾನದ ಮೇಲೆ ಇಳಿಯುವವರೆಗೂ ಹಲ್ಲು ಕಡಿಯುತ್ತಿದ್ದಳು.

ಒಂದು ದಿನ ನಿಲ್ದಾಣಕ್ಕೆ ಊರಿನ ಟೀವಿಯವರು ಬಂದರು. ಮೈಕು ಹಿಡಿದ ಹುಡುಗಿ, ಕ್ಯಾಮೆರಾ ಹೊತ್ತ ಒಬ್ಬ ದಡಿಯ. ಹುಡುಗಿ ಸಾಲಿನಲ್ಲಿದ್ದ ಎಲ್ಲರ ಮುಂದೆಯೂ ಮೈಕು ಹಿಡಿದಳು. ಒಬ್ಬರು ನಕ್ಕರು, ಒಬ್ಬರು ತಲೆ ಬಾಚಿಕೊಂಡರು, ಯಾರೂ ಬಾಯಿ ಬಿಡಲಿಲ್ಲ. ಮೈಕು ಕನ್ನಡಕದಕ್ಕನ ಮುಂದೆ ಬಂದು ನಿಂತಿತು.

“ಹೊಸ ಮಾರ್ಗದ ಬಗ್ಗೆ ಏನನ್ನಿಸುತ್ತೆ ಮೇಡಂ?”

ಇಷ್ಟು ದಿನ ಹಾಲಿನ ಪಾತ್ರೆಗೆ ಹೇಳಿದ್ದನ್ನು ಕೇಳಲು ಕೊನೆಗೂ ಒಂದು ಕಿವಿ ಸಿಕ್ಕಿತ್ತು. ಅವಳು ಕಿರುಚಲಿಲ್ಲ. ಸಿಟ್ಟು ನೆತ್ತಿಗೇರಿದಾಗ ಅವಳ ದನಿ ಜೇನಿನಂತಾಗುತ್ತಿತ್ತು. ಸಾರಿಗೆ ಕಚೇರಿಯವರನ್ನು ಹೊಗಳುತ್ತಾ ಹೊಗಳುತ್ತಾ ಸಿಪ್ಪೆ ಸುಲಿದಳು. ರಸ್ತೆ ಅಗೆಯುವವರಿಗೆ, ಮಳೆ ನಿಂತ ಮೇಲೆ ಮಳೆ ಬರುತ್ತದೆನ್ನುವ ಹವಾಮಾನದವರಿಗೆ, ಇದನ್ನೆಲ್ಲ ಸಾಧನೆಯೆಂದು ಅಚ್ಚು ಹಾಕುವ ಪೇಪರಿನವರಿಗೆ, ಎಲ್ಲರಿಗೂ ಪಾಲು ಸಿಕ್ಕಿತು. ಹುಡುಗಿ ಬಿಡದೆ ತಲೆಯಾಡಿಸಿದಳು. ಬಸ್ಸು ಬಂತು.

ಸಂಜೆ ಗಂಡ ಟೀವಿ ಹಾಕಿ ಕಾದು ಕೂತ. ಪಕ್ಕದ ಮನೆಯಾಕೆಯೂ ಬಂದಳು. ಪರದೆಯ ಕೆಳಗೆ ದಪ್ಪ ಅಕ್ಷರದಲ್ಲಿ ‘ಹೊಸ ಮಾರ್ಗಕ್ಕೆ ಜನಮೆಚ್ಚುಗೆ’ ಎಂದು ಬಂತು. ಮೇಲೆ ಕನ್ನಡಕದಕ್ಕನ ನಗುಮುಖ. “ಎಂಥಾ ಉಪಕಾರ ಮಾಡಿದ್ದಾರೆ ನಮಗೆ. ಆರೋಗ್ಯ ಸುಧಾರಿಸಿದೆ. ಅವರಿಗೆ ಎಷ್ಟು ಕೈ ಮುಗಿದರೂ ಸಾಲದು,” ಎಂದು ಆ ಮುಖ ಹೇಳಿತು. ಅದರ ಹಿಂದೆಯೇ ಸಾರಿಗೆ ಅಧಿಕಾರಿಯೊಬ್ಬ ಬಂದು, ಜನರ ಪ್ರೀತಿಯೇ ನಮಗೆ ಬಹುಮಾನ ಎಂದು ಮೀಸೆ ನೀವಿಕೊಂಡ. ಮುಗಿಯಿತು. ನಾಳೆ ಮಳೆ ಇಲ್ಲ ಎಂದು ಹವಾಮಾನ ಶುರುವಾಯಿತು.

“ನೀನು ಹೀಗೆ ಹೇಳಿದ್ಯಾ?” ಎಂದು ಗಂಡ ಕೇಳಿದ.

“ನನ್ನ ಬಾಯಿ ನಿಮಗೆ ಗೊತ್ತಿಲ್ವಾ? ಆರೋಗ್ಯ ಸುಧಾರಿಸಿದೆ ಅಂದೆ. ಬಸ್ಸು ನಂಬಿಕೊಂಡು ಕೂರದೆ ನಡೆದೂ ನಡೆದೂ ಅಂದೆ. ಆ ನಡೆದದ್ದು ಎಲ್ಲಿಗೆ ಹೋಯ್ತು?”

ಪಕ್ಕದ ಮನೆಯಾಕೆ ಮಾತ್ರ, ಟೀವಿಯಲ್ಲಿ ಮುಖ ತುಂಬಿಕೊಂಡು ಕಾಣುತ್ತೆ ಎಂದಷ್ಟೇ ಹೇಳಿ ಹೋದಳು. ಮರುದಿನದ ಹೊತ್ತಿಗೆ ಸುದ್ದಿಗೆ ಉಪ್ಪು ಖಾರ ಹತ್ತಿತ್ತು. ಕನ್ನಡಕದಕ್ಕನ ಸಂಬಂಧಿಕರು ಯಾರೋ ಸಾರಿಗೆ ಕಚೇರಿಯಲ್ಲಿದ್ದಾರಂತೆ. ನಿಲ್ದಾಣದಲ್ಲಿ ಅವಳು ಹೋಗಿ ನಿಂತ ಕಡೆಯಿಂದ ಜನ ಒಂದು ಹೆಜ್ಜೆ ಸರಿದರು. “ಆರೋಗ್ಯ ಹೇಗಿದೆ ಅಕ್ಕಾ?” ಎಂದು ಹಾಲಿನ ಡೈರಿಯವನು ಕೇಳಿದ. ನಾಲ್ಕು ಜನ ಕಿಸಕ್ಕೆಂದರು. ಊರೆಲ್ಲವನ್ನೂ ಆಡಿಕೊಂಡು ಬದುಕಿದವಳಿಗೆ ಆಡಿಸಿಕೊಳ್ಳುವುದು ಹೊಸದು.

ಪರವಾಗಿಲ್ಲ ಮಾಮ ಸಾಲಿನಿಂದ ಈಚೆ ಬಂದ. “ಅವರು ಹಾಗೆ ಹೇಳ್ಲಿಲ್ಲಪ್ಪ. ನಾನು ಹಿಂದೆನೇ ನಿಂತಿದ್ದೆ. ಚೆನ್ನಾಗಿ ಜಾಡಿಸಿದ್ರು. ಯಾರನ್ನೂ ಬಿಡ್ಲಿಲ್ಲ.”

“ನಿಮಗೆ ಬಿಡಿ ಮಾಮ, ಎಲ್ಲಾನೂ ಸರಿಯಾಗೇ ಕಾಣುತ್ತೆ,” ಎಂದ ಡೈರಿಯವನು.

ಮಾಮನ ಸಾಕ್ಷಿಗೆ ಕವಡೆ ಕಿಮ್ಮತ್ತಿರಲಿಲ್ಲ. ಕನ್ನಡಕದಕ್ಕನಿಗೆ ಅದರಿಂದ ಇನ್ನಷ್ಟು ರೇಗಿತು. ಊರಲ್ಲಿ ತನ್ನ ಪರ ನಿಲ್ಲಲು ಇವನೊಬ್ಬನೇ ಸಿಗಬೇಕೆ. ಅಂಗಡಿಗೆ ಹೋಗಿ ಯಜಮಾನನಿಗೆ ಹೇಳಿ, ಮಧ್ಯಾಹ್ನವೇ ಟೀವಿ ಕಚೇರಿಗೆ ಹೊರಟಳು.

ಮಳೆ ಇಲ್ಲವೆಂದಿದ್ದ ದಿನ ಆಕಾಶ ಕಳಚಿಬಿದ್ದಂತೆ ಸುರಿಯಿತು. ರೈಲು ಸೇತುವೆಯ ಕೆಳಗೆ ನೀರು ನಿಂತು ಬಸ್ಸು ಕೆಮ್ಮಿ ಸುಮ್ಮನಾಯಿತು. ಇಳಿದು ನಡೆಯಿರಿ ಎಂದ ಕಂಡಕ್ಟರ್. ಇಳಿಯುವಾಗ ಯಾರೋ ಹಿಂದಿನಿಂದ, “ಕೈ ಮುಗೀರಿ ಅಕ್ಕಾ, ಕೈ ಮುಗೀರಿ,” ಎಂದರು. ಅವಳು ತಿರುಗಿ ನೋಡಲಿಲ್ಲ. ಮೊಣಕಾಲುದ್ದ ಕೆಸರುನೀರಿನಲ್ಲಿ ಕೊಡೆ ಹಿಡಿದು ದಾಟಿದಳು.

ಟೀವಿ ಕಚೇರಿ ಒಂದು ಬೇಕರಿಯ ಮೇಲಿನ ಮಹಡಿ. ಮೆಟ್ಟಿಲಿನ ಮೇಲೆ ರಟ್ಟಿನ ಡಬ್ಬಗಳು. ಒಳಗೆ, ಸುದ್ದಿ ಓದುವವರ ಬೆನ್ನ ಹಿಂದೆ ಕಾಣುವ ಹೊಳೆಹೊಳೆಯುವ ನಗರ ಗೋಡೆಗೆ ಅಂಟಿಸಿದ ಬಟ್ಟೆಯಾಗಿತ್ತು. ಅದರ ಒಂದು ಮೂಲೆ ಸುರುಳಿ ಸುತ್ತಿಕೊಂಡಿತ್ತು. ಇವರಿಗೆ ಊರು ಕಾಣುವುದೇ ಹೀಗೆ ಎಂದುಕೊಂಡಳು. ಸಂಪಾದಕ ನಲವತ್ತರ ಆಸುಪಾಸಿನವನು, ಬನ್ನು ತಿನ್ನುತ್ತಿದ್ದ. ಅವನ ಕನ್ನಡಕ ಒಂದು ಕಡೆ ವಾಲಿತ್ತು. ಕುಳಿತಿದ್ದ ಅವಳಿಂದ ಹನಿಯುತ್ತಿದ್ದ ನೀರು ನೆಲದಲ್ಲಿ ಹರಿದು ಅವನ ಮೇಜಿನ ಕಾಲು ಮುಟ್ಟುವವರೆಗೂ ಅವನು ಅವಳ ದೂರನ್ನು ಕೇಳಿಸಿಕೊಂಡ.

“ಅಮ್ಮಾ, ನೀವು ಮಾತಾಡಿದ್ದು ಉದ್ದ ಆಯ್ತು. ನಮ್ಮ ಹತ್ತಿರ ಇದ್ದ ಜಾಗ ಇಷ್ಟೇ ಇಷ್ಟು.”

“ಜಾಗ ಇಲ್ದಿದ್ರೆ ಪೂರ್ತಿ ಬಿಡ್ಬೇಕಿತ್ತು. ಕೋಳಿ ಕೊಯ್ದ ಹಾಗೆ ಕತ್ತು ಒಂದು ಕಡೆ ಕಾಲು ಒಂದು ಕಡೆ ಮಾಡೋದಾ? ಅಣಕ ಮಾಡಿದ್ದು ಅಂತ ಆ ಹುಡುಗಿಗೆ ತಿಳೀಲಿಲ್ವಾ?”

“ತಿಳೀತು. ಸಾರಿಗೆಯವರು ಜಾಹೀರಾತು ಕೊಡ್ತಾರೆ. ಅದೂ ತಿಳೀತು.” ಹೇಳುವಾಗ ಅವನಿಗೆ ನಾಚಿಕೆಯೇನೂ ಆದಂತಿರಲಿಲ್ಲ; ಹಲ್ಲುನೋವಿನ ವಿಷಯ ಹೇಳುವವನಂತೆ ಸೋತ ದನಿ. “ಆಗ್ಲಿ, ಪೂರ್ತಿ ಇದೆ. ನೀವೇ ನೋಡಿ. ಬೇಕಂದ್ರೆ ನಾಳೆ ಮಧ್ಯಾಹ್ನ ಒಂದು ಜಾಗ ಖಾಲಿ ಇದೆ, ಹಾಕ್ತೀನಿ. ಆ ಹೊತ್ತಲ್ಲಿ ಅಧಿಕಾರಿಗಳು ಮಲಗಿರ್ತಾರೆ.”

ಅವನು ಕಂಪ್ಯೂಟರನ್ನು ಅವಳ ಕಡೆ ತಿರುಗಿಸಿದ. ಅವಳು ತನ್ನನ್ನು ತಾನು ನೋಡಿದಳು. ಮೊದಮೊದಲು ಹಿತವಾಯಿತು. ಒಂದು ಮಾತೂ ಜಾರಿರಲಿಲ್ಲ, ಎಲ್ಲ ಬೇಕಾದಲ್ಲೇ ತಾಗಿತ್ತು. ಸಂಪಾದಕನೂ ಎರಡು ಸಲ ನಕ್ಕ. ಆಮೇಲೆ ಹುಡುಗಿ, ಜನ ಯಾಕೆ ದೂರು ಕೊಡುವುದಿಲ್ಲ ಎಂದು ಕೇಳಿದಳು. ಪರದೆಯ ಕನ್ನಡಕದಕ್ಕ ಅದೇ ಜೇನಿನ ದನಿಯಲ್ಲಿ ಹೇಳಿದಳು: “ಜನ ಎಲ್ಲಿದ್ದಾರಮ್ಮ? ಇಲ್ಲಿರೋದು ಕುರಿ. ಒಬ್ಬರಿದ್ದಾರೆ, ಪರವಾಗಿಲ್ಲ ಮಾಮ ಅಂತ. ಬಸ್ಸು ಅವರ ಕಾಲಿನ ಮೇಲೆ ಹತ್ತಿದ್ರೂ, ಪರವಾಗಿಲ್ಲ ಇನ್ನೊಂದು ಕಾಲಿದೆಯಲ್ಲ ಅಂತಾರೆ. ಅಂಥೋರು ಇರೋವರೆಗೂ ನಮಗೆ ಇದೇ ಬಸ್ಸು. ಬೆನ್ನುಮೂಳೆ ಇಲ್ದೋರಿಗೆ ಸೀಟು ಯಾಕೆ ಬೇಕು, ಮಡಚಿ ಚೀಲದಲ್ಲಿಟ್ಕೊಂಡು ಹೋಗಬಹುದು.”

ಆಡಿದ್ದು ಅವಳಿಗೆ ಮರೆತಿರಲಿಲ್ಲ. ಅವಳು ನೋಡಿರದೇ ಇದ್ದದ್ದು ತನ್ನ ಹೆಗಲಿನ ಹಿಂದೆ. ಅಲ್ಲಿ ಮಾಮ ನಿಂತಿದ್ದ, ಕತ್ತರಿಯ ಚೀಲ ಎದೆಗೊತ್ತಿಕೊಂಡು. ಸಾಲಿನವರು ನಕ್ಕಾಗ ಅವನೂ ನಗಲು ಹೊರಟ. ನಗು ಅರ್ಧಕ್ಕೆ ಬಂದು ನಿಂತಿತು. ಅವನು ಚೀಲದ ಹಿಡಿಯನ್ನು ನೋಡಿದ, ರಸ್ತೆ ನೋಡಿದ, ಮತ್ತೆ ಹಿಡಿಯನ್ನು ನೋಡಿದ. ಬಸ್ಸು ಬಂತು. ಎಲ್ಲರಿಗಿಂತ ಮೊದಲು ಓಡಿ ಹತ್ತಿದವನು ಅವನೇ. ಅವತ್ತೂ ಪಕ್ಕದ ಸೀಟಿನ ಮೇಲೆ ಚೀಲ ಇಟ್ಟಿದ್ದ, ಅವತ್ತೂ ತಾನು ಹೋಗಿ ಕೂತಿದ್ದೆ ಎಂಬುದು ಅವಳಿಗೆ ನೆನಪಾಯಿತು. ಇವತ್ತು ಬೆಳಿಗ್ಗೆ ಸಾಕ್ಷಿ ಹೇಳಲು ಬಂದಾಗ, ‘ಯಾರನ್ನೂ ಬಿಡ್ಲಿಲ್ಲ’ ಎಂದಿದ್ದನಲ್ಲ, ಅದರಲ್ಲಿ ಅವನೂ ಇದ್ದ.

“ಇದೇ ನೋಡಿ ಇದರಲ್ಲಿ ಎಲ್ಲಕ್ಕಿಂತ ಚೆನ್ನಾಗಿರೋದು,” ಎಂದ ಸಂಪಾದಕ. “ಹಾಕ್ಲಾ?”

ಅವಳು ಒದ್ದೆ ಸೆರಗು ಹಿಂಡಿಕೊಂಡಳು.

“ಹಾಕಿ. ಆ ಮಾಮನ ವಿಷಯ ತೆಗೆದುಬಿಡಿ.”

“ಕತ್ತರಿಸಿ ಅಂತೀರಾ?” ಎಂದು ಅವನು ವಾಲಿದ ಕನ್ನಡಕದ ಮೇಲಿಂದ ನೋಡಿದ. ಅವನ ಮುಖದಲ್ಲಿ ಸಣ್ಣ ಖುಷಿಯೊಂದು ಮೂಡುವುದು ಅವಳಿಗೆ ಕಾಣಿಸಿತು. “ಈಗ ತಾನೇ ಕೋಳಿ ಅಂದ್ರಿ.”

“ಅಂದೆ. ಈಗ ಕತ್ತರಿಸಿ ಅಂತಿದೀನಿ. ಎರಡನ್ನೂ ನಾನೇ ಹೇಳಿದ್ದು, ಬರ್ಕೊಳ್ಳಿ ಬೇಕಾದ್ರೆ. ಆಮೇಲೆ ಆ ಕನ್ನಡಕ ತೆಗೆದು ಕೊಡಿ ಇತ್ತ, ನೋಡೋಕಾಗ್ತಿಲ್ಲ.”

ಚೀಲದಿಂದ ಪುಟ್ಟ ತಿರುಪುಳಿ ತೆಗೆದು ಅದನ್ನು ನೆಟ್ಟಗೆ ಮಾಡಿಕೊಟ್ಟು ಇಳಿದಳು. ದಾರಿಯುದ್ದಕ್ಕೂ ಆ ಸಂಪಾದಕನನ್ನು ಬೈಯಲು ನೋಡಿದಳು. ಬೈಗುಳ ಯಾಕೋ ಕುದುರಲಿಲ್ಲ.

ಮರುದಿನ ಮಧ್ಯಾಹ್ನ ಅದು ಬಂತು. ಸಂಜೆ ಗಂಡ ಬಾಗಿಲಲ್ಲೇ, “ಚೆನ್ನಾಗಿ ಬೈದಿದ್ದೀಯ. ಹವಾಮಾನದವರಿಗೆ ಅಷ್ಟು ಅನ್ನಬಾರದಿತ್ತು,” ಎಂದ. ಡೈರಿಯವನು ಮೊದಲಿನದನ್ನೂ ನೋಡಿರಲಿಲ್ಲ, ಇದನ್ನೂ ನೋಡಲಿಲ್ಲ. ಆರೋಗ್ಯ ವಿಚಾರಿಸುವುದನ್ನು ಅವನು ಬಿಡಲಿಲ್ಲ. ಮಾಮ ಒಂದು ದಿನ ಬರಲಿಲ್ಲ. ಅದರ ಮಾರನೇ ದಿನ ಬಂದು ಎಂದಿನಂತೆ ಅವಳ ಹಿಂದೆ ನಿಂತ.

“ಅಂಗಡೀಲಿ ಟೀವಿ ಇದೆಯಮ್ಮ. ನೋಡ್ದೆ,” ಎಂದ. ಸ್ವಲ್ಪ ತಡೆದು, “ನಂದು ಬಿಟ್ಬಿಟ್ಟಿದಾರೆ.”

“ನಾನೇ ತೆಗೆಸ್ದೆ. ಹಾಗೆ ಅನ್ನಬಾರದಿತ್ತು ಯಜಮಾನ್ರೇ. ತಪ್ಪಾಯ್ತು.”

ಅವನ ಎಂದಿನ ಮಾತು ಈಗ ಬರುತ್ತದೆಂದು ಅವಳು ಕಾದಳು. ಅದು ಬರಲಿಲ್ಲ.

“ನನಗೆ ಬಹಳ ಬೇಜಾರಾಯ್ತಮ್ಮ,” ಎಂದ ಮಾಮ. “ಎರಡು ರಾತ್ರಿ ನಿದ್ದೆ ಬರ್ಲಿಲ್ಲ. ನನ್ನಾಕೆ ಇದ್ದಾಗ ಅವಳೂ ಇದನ್ನೇ ಹೇಳೋಳು. ಇಷ್ಟು ಚೆನ್ನಾಗಿ ಹೇಳೋಕೆ ಅವಳಿಗೆ ಬರ್ತಿರ್ಲಿಲ್ಲ. ಅದಕ್ಕೇ ನಾನು ಕೇಳಿಸ್ಕೊಳ್ಳಲೇ ಇಲ್ವೇನೋ.”

ಅಷ್ಟರಲ್ಲಿ ಬಸ್ಸು ಬಂದು, ನಿಲ್ದಾಣ ದಾಟಿ ಬಹಳ ಮುಂದೆ ಹೋಗಿ ನಿಂತಿತು. ಎಲ್ಲರೂ ಓಡಿದರು. ಮಾಮ ಹತ್ತಿದವನು ಸೀಟಿಗೆ ಹೋಗಲಿಲ್ಲ. ಡ್ರೈವರನ ಬೆನ್ನ ಹಿಂದಿನ ಕಂಬ ಹಿಡಿದು ನಿಂತು, ದೇವರ ಕೋಣೆಯಲ್ಲಿ ಮಾತಾಡುವಷ್ಟು ಮೆಲ್ಲಗೆ, “ಸ್ವಲ್ಪ ಹಿಂದೆ ನಿಲ್ಲಿಸಬಹುದಿತ್ತಲ್ಲಪ್ಪ, ವಯಸ್ಸಾದೋರು ಇರ್ತಾರೆ, ನಿನಗೆ ತೊಂದ್ರೆ ಇಲ್ಲ ಅಂದ್ರೆ,” ಎಂದ.

ಡ್ರೈವರನಿಗೆ ಕೇಳಿಸಲೇ ಇಲ್ಲ. ಮಾಮ ಮತ್ತೆ ಹೇಳಿದ. ಎರಡನೇ ಸಲ ‘ತೊಂದ್ರೆ ಇಲ್ಲ ಅಂದ್ರೆ’ ಎನ್ನುವುದನ್ನು ಬಿಟ್ಟಿದ್ದ. ಇದೂ ಒಂದು ಬೈಯುವ ರೀತಿಯಾ ಎಂದು ಕನ್ನಡಕದಕ್ಕನಿಗೆ ಮೈ ಪರಚಿಕೊಳ್ಳುವಂತಾಯಿತು. ಆ ಕೆಲಸ ತಾನೇ ಮಾಡಲು ನಾಲಗೆ ತುದಿಗೆ ಒಳ್ಳೊಳ್ಳೆಯ ಮಾತುಗಳು ಬಂದು ಸಾಲುಗಟ್ಟಿದವು. ಅವಳು ಅವನ್ನು ನುಂಗಿದಳು. ಖಾಲಿ ಸೀಟೊಂದರಲ್ಲಿ ಕೂತು, ಪಕ್ಕದಲ್ಲಿ ತನ್ನ ಕೊಡೆಯಿಟ್ಟಳು. ಒಬ್ಬಳು ಹೆಂಗಸು ಕೂರಲು ಬಂದಾಗ, “ಒಬ್ಬರು ಬರ್ತಾರೆ, ಡ್ರೈವರ್ ಹತ್ತಿರ ಮಾತಾಡ್ತಿದಾರೆ,” ಎಂದಳು. ಮುಂದೆ ಮಾಮ ಮೂರನೇ ಸಲ ಕೇಳುತ್ತಿದ್ದ. ಈ ಸಲ ಡ್ರೈವರ್ ಕನ್ನಡಿಯತ್ತ ತಲೆಯೆತ್ತಿ, “ಏನಂದ್ರಿ?” ಎಂದ.